ಚಿರತೆ ಸುಲ್ತಾನರ ನೀರಿನ ಸುರಂಗ

ಮಕ್ಕಳೇ, ಕೆಂಪು ಕಲ್ಲಿನ ಒಂದು ಗುಡ್ಡದ ಮೇಲೆ ಚಿರತೆಗಳು ಸುಲ್ತಾನರಾಗಿ ಆಳುತ್ತಿದ್ದವು. ಅವರ ರಾಜ್ಯ ಬೆಳೆದದ್ದು ಉಗುರಿನಿಂದಲ್ಲ, ನೀರಿನಿಂದ. ಮೊದಲ ಸುಲ್ತಾನ ಬಹ್ರಾಮ ದೂರದ ಒರತೆಯಿಂದ ನೆಲದಡಿ ಸುರಂಗ ತೋಡಿಸಿ ಕೊಳ ತುಂಬಿಸಿದ. ನೀರು ಬಂತು, ಅದರ ಹಿಂದೆ ಜಿಂಕೆ, ನವಿಲು, ಮೊಲ ಎಲ್ಲ ಬಂದು ಸಲಾಮು ಹೊಡೆದವು.

ಸುರಂಗದ ಹೂಳು ತೆಗೆಯಲು ಎರಡು ಬಳಗ. ಊರಿನ ಹೆಗ್ಗಣಗಳು ಕೊಳದ ಕಡೆಯಿಂದ, ಕಡಲಾಚೆಯಿಂದ ಬಂದ ಮುಳ್ಳುಹಂದಿಗಳು ಒರತೆಯ ಕಡೆಯಿಂದ ತೋಡುತ್ತ ನಡುವೆ ಸೇರುತ್ತಿದ್ದವು. ಸೇರಿದ ದಿನ ಒಟ್ಟಿಗೆ ಊಟ.

ಬಹ್ರಾಮನ ಮರಿಮಗ ಸುಲ್ತಾನ ದಿಲಾವರನಿಗೆ ಆ ಊಟ ಕಂಡರೆ ಆಗದು. ಇವರು ಒಂದಾದರೆ ತನ್ನನ್ನು ಕೇಳುವವರು ಯಾರು? ಪರದೇಶಿಗಳು ಒರತೆಯನ್ನೇ ನುಂಗುತ್ತಾರೆ ಎಂದು ಹೆಗ್ಗಣಗಳ ಯಜಮಾನ ಹುಸೇನಿಯ ಕಿವಿಯಲ್ಲಿ ಊದಿದ. ಹೆಗ್ಗಣಗಳು ನಿಮ್ಮನ್ನು ಓಡಿಸಲು ಹೊಂಚು ಹಾಕಿವೆ ಎಂದು ಮುಳ್ಳುಹಂದಿಗಳ ಹಿರಿಯ ಮಸೂದನಿಗೆ ಹೇಳಿದ. ಇಬ್ಬರೂ ನಂಬಿದರು.

ಊಟ ನಿಂತಿತು. ನಡುವಿನ ಹೂಳು ಅವರ ಪಾಲಿನದು ಎಂದು ಇವರು, ಇವರ ಪಾಲಿನದು ಎಂದು ಅವರು ಬಿಟ್ಟರು. ಕೊನೆಗೊಮ್ಮೆ ಸುರಂಗ ಕಟ್ಟಿಕೊಂಡಿತು. ಕೊಳ ಒಣಗಿತು. ಒರತೆಯ ಕಡೆ ತಡೆದ ನೀರು ಹಿಂದಕ್ಕೇರಿ ಮಸೂದನ ಬಿಲದ ಹೊಸ್ತಿಲು ಮುಟ್ಟಿತು. ಒಳಗೆ ಮೊನ್ನೆ ಹುಟ್ಟಿದ ಮರಿಗಳು.

ಸುಲ್ತಾನ ಗರ್ಜಿಸಿದ. ಗರ್ಜಿಸಿದರೆ ಹೂಳು ಕರಗುತ್ತದೆಯೇ? ತಾನೇ ನುಗ್ಗಲು ಹೋದ. ಭುಜ ಸುರಂಗದ ಬಾಯಲ್ಲೇ ಸಿಕ್ಕಿಕೊಂಡಿತು. ಅದನ್ನು ನೋಡಿ ಜಿಂಕೆಗಳು ಗುಡ್ಡ ಇಳಿದವು. ಅವನ ದಾಯಾದಿಗಳು ಒಂದೊಂದು ಬಂಡೆ ಹಿಡಿದು ತಾವೇ ಸುಲ್ತಾನರೆಂದರು.

ಮಸೂದ ಮಾನ ನೋಡಿಕೊಂಡು ಕೂರುವಂತಿರಲಿಲ್ಲ. ನೇರ ಹುಸೇನಿಯ ಬಾಗಿಲಿಗೆ ಹೋದ.

"ನಮ್ಮನ್ನು ಓಡಿಸುತ್ತೀರಂತೆ?"

"ನೀವು ಒರತೆ ನುಂಗುತ್ತೀರಂತೆ?"

"ಯಾರು ಹೇಳಿದ್ದು?"

ಹುಸೇನಿ ಸುಲ್ತಾನ ಕೂರುವ ಗುಡ್ಡದ ತುದಿಯತ್ತ ನೋಡಿದ. ಮಸೂದನೂ ಅತ್ತಲೇ ನೋಡಿದ. ನಮ್ಮಷ್ಟು ಪೆದ್ದರು ಯಾರಿದ್ದಾರೆ ಎಂದು ಇಬ್ಬರಿಗೂ ನಗು ಬಂತು.

"ನಡೆ ಮಸೂದ್ ಭಾಯಿ, ಮುಳ್ಳು ಮಾತ್ರ ಮಡಚಿಕೋ. ಒಳಗೆ ಜಾಗ ಕಡಿಮೆ."

ಎರಡೂ ಬಳಗ ಸುರಂಗದ ನಡುವೆ ಗಾಳಿಗೆಂದು ತೋಡಿದ್ದ ಬಾವಿಯಲ್ಲಿ ಇಳಿದು, ಮೇಲಿನಿಂದ ಹೂಳು ಕೆದರಿ ಎತ್ತಿದವು. ನೀರು ಗುಡುಗುಡು ಹೊರಟಿತು. ಮಸೂದನ ಬಿಲದ ಬಾಗಿಲು ಒಣಗಿತು, ಮರಿಗಳು ಉಳಿದವು. ಕೊಳ ತುಂಬಿದ ಸುದ್ದಿ ಕೇಳಿ ಜಿಂಕೆಗಳೂ ಮರಳಿದವು.

ದಿಲಾವರನೂ ನೀರಿಗೆ ಬಂದ. ಯಾರೂ ಸಲಾಮು ಹೊಡೆಯಲಿಲ್ಲ. ಮಸೂದ ಮಾತ್ರ ಮರ್ಯಾದೆಯಿಂದ, "ಬನ್ನಿ ಹುಜೂರ್, ಸಾಲು ಆ ಮೊಲದ ಹಿಂದೆ" ಎಂದ.

ನೀತಿ: ದುಡಿಯುವವರನ್ನು ಒಡೆದು ಗದ್ದುಗೆ ಉಳಿಸಿಕೊಳ್ಳ ಹೊರಟವನು ಗದ್ದುಗೆಯನ್ನೇ ಕಳೆದುಕೊಳ್ಳುತ್ತಾನೆ, ದುಡಿಯುವವರು ಒಬ್ಬರನ್ನೊಬ್ಬರು ನೇರ ಕೇಳಿಕೊಂಡರೆ ಕೆಟ್ಟುಹೋದ ಕೆಲಸವೂ ಸರಿಹೋಗುತ್ತದೆ.