ಅರಸನ ಪಂಚೆಗೆ ಮುತ್ತಿದ ಇರುವೆಗಳು

“ಕೇಳಿರಯ್ಯಾ ಕೇಳಿ! ನಮ್ಮ ಅರಸರು ದಿನದಿನಕ್ಕೆ ಸೊರಗುತ್ತಿದ್ದಾರೆ. ಮದ್ದು ಬಲ್ಲವಳು ಕರಿಗವಿಯ ರಕ್ಕಸಿ ಒಬ್ಬಳೇ. ಅವಳ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರು ಅಲ್ಲೇ ಕಲ್ಲಾಗುತ್ತಾರೆ!”

ಡಂಗುರ ಕೇಳಿದಾಗ ಅರಮನೆಯ ಮಡಿವಾಳ ಚೆನ್ನಿಗ ಅರಸನ ಪಂಚೆ ಹಿಂಡುತ್ತಿದ್ದ. ಒಗೆಯುವ ಮುನ್ನ ಅದಕ್ಕೆ ಮುತ್ತುವ ಇರುವೆಗಳನ್ನು ಎಷ್ಟೋ ತಿಂಗಳಿಂದ ಅವನೊಬ್ಬನೇ ಕಂಡಿದ್ದ. ಹೇಳಲು ಬಾಯಿ ಬಂದಿರಲಿಲ್ಲ. ಒದ್ದೆ ಕೈಯಲ್ಲೇ ಗವಿಗೆ ಹೊರಟ.

ಅಲ್ಲಿ ಆಗಲೇ ಆಸ್ಥಾನದ ಪಂಡಿತರೊಬ್ಬರೂ ಬಾಣಸಿಗ ಬೋಳಪ್ಪನೂ ನಿಂತಿದ್ದರು.

“ಏನೋ ಚೆನ್ನಿಗ, ರಕ್ಕಸಿಯ ಸೀರೆ ಒಗೆಯೋಕೆ ಬಂದೆಯಾ?” ಎಂದು ಬೋಳಪ್ಪ ನಕ್ಕ.

ಗವಿ ಗುಡುಗಿತು. ರಕ್ಕಸಿಯ ತಲೆ ಮೇಲಿನ ಬಂಡೆಗೆ ತಾಗುತ್ತಿತ್ತು. “ಅರಸ ಸಿಹಿ ಬಿಟ್ಟು ವರ್ಷವಾಯಿತು. ಆದರೂ ಅವನ ಮೈಯಲ್ಲಿ ಸಕ್ಕರೆ ತುಂಬಿದೆ. ಎಲ್ಲಿಂದ ಬಂತು?”

“ಕದ್ದು ಬೆಲ್ಲ ತಿನ್ನುತ್ತಾರೆ,” ಎಂದ ಪಂಡಿತರು ಎತ್ತಿದ ಬೆರಳು ಇಳಿಸುವಷ್ಟರಲ್ಲಿ ಕಲ್ಲಾದರು.

ಚೆನ್ನಿಗ ಮುಂದೆ ಬಂದ. “ಅನ್ನದಿಂದ, ತಾಯಿ. ಬರೀ ಅನ್ನ ಅಗಿಯುತ್ತಾ ಇದ್ದರೆ ಬಾಯಲ್ಲೇ ಸಿಹಿಯಾಗುತ್ತೆ. ಸಾರಿಗೆ ಗತಿಯಿಲ್ಲದ ದಿನ ನಾನು ಹಾಗೇ ಉಣ್ಣೋದು.”

ರಕ್ಕಸಿ ಕಣ್ಣರಳಿಸಿದಳು. “ಅಕ್ಕಿ ಬಿಳಿ, ರಾಗಿ ಕೆಂಪು, ಗೆಣಸು ಮಣ್ಣೊಳಗಿನದು. ಮೂರರಲ್ಲೂ ಅಡಗಿರುವುದು ಒಂದೇ. ಯಾವುದು?”

“ಗಂಜಿ. ಯಾವುದನ್ನು ಬೇಯಿಸಿ ಅದ್ದಿದರೂ ಬಟ್ಟೆ ಸೆಟೆದು ನಿಲ್ಲುತ್ತೆ. ಸೊಪ್ಪಿನ ನೀರಿಗೆ ನಿಲ್ಲಲ್ಲ.”

“ಬಲ್ಲವರು ಅದನ್ನು ಪಿಷ್ಟ ಎನ್ನುತ್ತಾರೆ. ಅರಸನ ಮದ್ದಿನ ಹೆಸರು ಮಿತಪಿಷ್ಟ. ಹಾಗೆಂದರೇನು?”

ಬೋಳಪ್ಪ ಮುನ್ನುಗ್ಗಿದ. “ಅಷ್ಟೇನಾ! ಅನ್ನ ಬಿಟ್ಟು ಎರಡು ರಾಗಿಮುದ್ದೆ!”

ಅವನೂ ಕಲ್ಲಾದ. ಕೈಯ ಸೌಟೂ ಕಲ್ಲಾಯಿತು.

ಒಂಟಿಯಾದ ಚೆನ್ನಿಗ ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಬಿಳಿ ಗಂಜಿ ಒಣಗಿತ್ತು.

“ಗಂಜಿ ಹೆಚ್ಚಾದರೆ ಬಟ್ಟೆ ಮಡಿಕೆಯಲ್ಲೇ ಸೀಳುತ್ತೆ, ತಾಯಿ. ಹಾಗಂತ ಗಂಜಿಯನ್ನೇ ಚೆಲ್ಲಲ್ಲ, ತೆಳು ಮಾಡ್ತೀನಿ. ಅರಸರೂ ಉಪವಾಸ ಇರಬೇಕಿಲ್ಲ. ಅನ್ನವೋ ಮುದ್ದೆಯೋ, ಒಂದು ಹಿಡಿ ಸಾಕು. ಉಳಿದ ಎಲೆ ತುಂಬ ಸೊಪ್ಪು, ತರಕಾರಿ, ಮೊಟ್ಟೆ, ಮೀನು. ಕುಡಿಯೋಕೆ ಮಜ್ಜಿಗೆ.”

ನೂರು ವರ್ಷ ಬಾಗದ ರಕ್ಕಸಿಯ ತಲೆ ಬಾಗಿತು. “ಮದ್ದು ಅದೇ. ನಿನಗೇನು ಬೇಕು?”

“ಇವರಿಬ್ಬರೂ ಮನೆಗೆ ಬರಲಿ.”

ಎರಡೂ ಕಲ್ಲು ಕೆಮ್ಮಿದವು.

ಅರಸ ಅದೇ ಮಿತಿಯಲ್ಲಿ ಉಣ್ಣತೊಡಗಿದ, ಮಾತಿನಂತೆ ಅರ್ಧ ರಾಜ್ಯವನ್ನೂ ಕೊಟ್ಟ. ಆದರೂ ಚೆನ್ನಿಗ ಅವನ ಪಂಚೆಯನ್ನು ಬೇರೆಯವರ ಕೈಗೆ ಬಿಡಲಿಲ್ಲ. ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಒಗೆಯದೆ ಅದನ್ನು ಕಲ್ಲಿನ ಮೇಲೆ ಹರಡಿ ಕಾದು ಕುಳಿತ. ಇರುವೆಗಳ ಸಾಲು ಬಂತು. ಅಂಚಿನವರೆಗೂ ಬಂತು. ಪಂಚೆಗೆ ಮುತ್ತದೆ, ಅದನ್ನು ಸುತ್ತುಹಾಕಿ ತನ್ನ ಪಾಡಿಗೆ ಮುಂದೆ ಹೋಯಿತು.

ಚೆನ್ನಿಗ ಆ ಸಾಲಿಗೆ ಕೈಮುಗಿದ.