ಹಿಂದೆ ನಟ್ಟು ಹಿಡಿಯುವವನು

"ಗುರುಗಳೇ, ಒಂದು ವರ್ಷ ಮೌನವ್ರತ ಹಿಡಿಯಲು ಅಪ್ಪಣೆ ಕೊಡುತ್ತೀರಾ?" ಎಂದು ನಿಜಗುಣ ಕೇಳಿದ.

ಗುರುಗಳು ಅವನ ಮುಖ ನೋಡಿದರು. ಪಕ್ಕದ ಕೋಣೆಯ ವೀರೇಶನೊಡನೆ ಇವನು ಮಾತು ಬಿಟ್ಟು ತಿಂಗಳಾಗಿತ್ತು. ಊಟದ ಪಂಕ್ತಿಯಲ್ಲೂ ನಡುವೆ ಒಂದು ಎಲೆಯ ಜಾಗ ಬಿಟ್ಟು ಕೂರುತ್ತಿದ್ದ. ಮಠದಲ್ಲಿ ಅದು ಎಲ್ಲರಿಗೂ ಗೊತ್ತಿತ್ತು. ಗುರುಗಳಿಗೆ ಗೊತ್ತಿಲ್ಲವೆಂದು ಅವನೊಬ್ಬನೇ ತಿಳಿದಿದ್ದ.

"ವ್ರತದ ಮಾತು ಆಮೇಲೆ ನೋಡೋಣ, ಕೂತುಕೋ," ಎಂದು ಗುರುಗಳು ಕತೆ ಹೇಳಿದರು.

ಕಡಲ ತೀರದಲ್ಲಿ ಒಬ್ಬ ದೋಣಿ ಕಟ್ಟುವವನಿದ್ದ. ಮರದ ದೋಣಿಯಲ್ಲ, ಫೈಬರ್ ದೋಣಿ. ಅದರ ಡ್ಯಾಶ್‌ಬೋರ್ಡಿನಲ್ಲಿ ಮುಚ್ಚಳದ ಹಾಗೆ ಮೊಳದಗಲದ ಒಂದು ಪ್ಯಾನೆಲು. ಎಂಜಿನ್ನಿನ ವೈರುಗಳೆಲ್ಲ ಅದರ ಹಿಂದೆ. ಪ್ಯಾನೆಲು ಭದ್ರವಾಗಿಯೂ ಇರಬೇಕು, ಬೇಕೆಂದಾಗ ಬಿಚ್ಚಲೂ ಬರಬೇಕು. ಫೈಬರಿಗೇ ಸ್ಕ್ರೂ ತಿರುಗಿಸಿದರೆ ನಾಲ್ಕು ಸಲ ಬಿಚ್ಚುವುದರೊಳಗೆ ತೂತು ಸಡಿಲಾಗುತ್ತದೆ. ಅದಕ್ಕೆ ಅವನದೊಂದು ಕ್ರಮವಿತ್ತು. ದೋಣಿಯ ಮೇಲಿನ ಕವಚವನ್ನು ಕೂರಿಸುವ ಮೊದಲೇ ಡ್ಯಾಶ್‌ಬೋರ್ಡಿನ ಹಿಂಬದಿಯಲ್ಲಿ ನಟ್ಟುಗಳನ್ನು ರೆಸಿನ್ ಹಾಕಿ ಅಂಟಿಸುತ್ತಿದ್ದ. ಅಂಟು ಗಟ್ಟಿಯಾಗುವವರೆಗೆ ಒಬ್ಬ ಹಿಂದೆ ನಿಂತು ನಟ್ಟನ್ನು ನೆಟ್ಟಗೆ ಹಿಡಿಯಬೇಕು, ಇನ್ನೊಬ್ಬ ಮುಂದಿನಿಂದ ಬೋಲ್ಟು ಹಿಡಿಯಬೇಕು. ಆಮೇಲೆ ಯಾರು ಬೇಕಾದರೂ ಮುಂದಿನಿಂದ ಒಬ್ಬರೇ ಬಿಚ್ಚಬಹುದು.

ಹಿಂದೆ ನಿಲ್ಲುತ್ತಿದ್ದವನು ಅವನ ತಮ್ಮ. ಹತ್ತು ವರ್ಷ ಹಾಗೆ ನಿಂತಿದ್ದ. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳಿಸುತ್ತಿತ್ತು. ಅಂಟು ಗಟ್ಟಿಯಾಗುವ ಆ ಅರ್ಧ ಗಂಟೆಯಲ್ಲಿ ಇಬ್ಬರೂ ಮನೆಯ ಸುಖದುಃಖವನ್ನೆಲ್ಲ ಆಡಿಕೊಂಡು ಮುಗಿಸುತ್ತಿದ್ದರು.

ಒಂದು ದಿನ ಗಿರಾಕಿಯೊಬ್ಬ ಬಂದು ಕೆಲಸವನ್ನು ಬಾಯ್ತುಂಬ ಹೊಗಳಿದ. "ಎಲ್ಲ ನನ್ನೊಬ್ಬನ ಕೈಕೆಲಸ," ಎಂದ ಅಣ್ಣ. ತಮ್ಮ ಆಗ ಡ್ಯಾಶ್‌ಬೋರ್ಡಿನ ಹಿಂದೆಯೇ ಇದ್ದ. ನಟ್ಟನ್ನು ಕೆಳಗಿಟ್ಟು ಹೊರಟುಹೋದ.

ಮಾತು ಜಾರಿತೆಂದು ಅಣ್ಣನಿಗೆ ಆ ಕ್ಷಣವೇ ಗೊತ್ತಾಯಿತು. ಆದರೆ ಹಿರಿಯನಲ್ಲವೇ, ಬಿಗುಮಾನ ಬಿಡಲಿಲ್ಲ. ಹೋದರೆ ಹೋಗಲಿ ಎಂದುಕೊಂಡ. ತಮ್ಮ ನಿಂತ ಜಾಗದಲ್ಲಿ ಬೇರೊಬ್ಬನನ್ನು ನಿಲ್ಲಿಸಲೂ ಮನಸ್ಸು ಬರಲಿಲ್ಲ. ಮುಂದಿನ ದೋಣಿಯಲ್ಲಿ ನಟ್ಟಿನ ಗೋಜಿಗೇ ಹೋಗಲಿಲ್ಲ. ಪ್ಯಾನೆಲಿನ ಸುತ್ತ ಅಂಟು ಹಚ್ಚಿ ಒತ್ತಿದ, ಅದರ ಮೇಲೆ ಮೂರು ಪದರ ಫೈಬರ್ ಹೊದೆಸಿ ಮುಚ್ಚಿಬಿಟ್ಟ. ಇನ್ನು ಅದು ಅಲುಗುವಂತಿರಲಿಲ್ಲ, ಒಂದು ಹನಿ ನೀರೂ ಒಳಗೆ ಹೋಗುವಂತಿರಲಿಲ್ಲ. ಸವರಿ ನೋಡಿ ಖುಷಿಪಟ್ಟ. ಆ ಖುಷಿಯನ್ನು ಹೇಳಿಕೊಳ್ಳಲು ಶೆಡ್ಡಿನಲ್ಲಿ ಯಾರೂ ಇರಲಿಲ್ಲ.

ಪರೀಕ್ಷೆಗೆಂದು ದೋಣಿಯನ್ನು ಒಬ್ಬನೇ ಕಡಲಿಗೆ ಒಯ್ದ. ದಡ ಕಣ್ಮರೆಯಾಗುವ ಹೊತ್ತಿಗೆ ಎಂಜಿನ್ ನಿಂತಿತು. ಪ್ಯಾನೆಲಿನ ಹಿಂದೆ ವೈರು ಕಳಚಿದೆಯೆಂದು ಅವನಿಗೆ ಗೊತ್ತು, ಯಾವ ವೈರೆಂಬುದೂ ಗೊತ್ತು. ಬೆರಳಲ್ಲಿ ಒತ್ತಿದರೆ ಸಾಕಿತ್ತು. ಆ ಆಳಕ್ಕೆ ಹಗ್ಗ ಸಾಲದ ಲಂಗರನ್ನೇ ಎತ್ತಿ ಪ್ಯಾನೆಲಿಗೆ ಬಡಿದ. ಅವನದೇ ಕೆಲಸ, ಅಷ್ಟು ಸುಲಭಕ್ಕೆ ಒಡೆಯುತ್ತದೆಯೇ? ಅಂಗೈ ಹರಿದು ರಕ್ತ ಬಂತು, ಪ್ಯಾನೆಲು ಬಿಡಲಿಲ್ಲ. ನೀರಿನ ಸೆಳೆತ ದೋಣಿಯನ್ನು ಇನ್ನೂ ಆಚೆಗೆ ಒಯ್ಯುತ್ತಿತ್ತು. ಇನ್ನು ತಾನು ಮನೆ ಸೇರುವುದಿಲ್ಲವೆಂದು ಅನಿಸಿದಾಗ ಪ್ಯಾನೆಲಿಗೆ ಹಣೆಯಿಟ್ಟು ಕೂತ. ಹಿಂದೆ ಯಾರೂ ಇಲ್ಲವೆಂದು ತಿಳಿದೂ ತಮ್ಮನ ಹೆಸರು ಹಿಡಿದು ಕೂಗಿದ. ಅಷ್ಟು ಒಂಟಿತನ ಅವನಿಗೆ ಜೀವಮಾನದಲ್ಲಿ ಎಂದೂ ಆಗಿರಲಿಲ್ಲ.

ಸಂಜೆಯ ಹೊತ್ತಿಗೆ ಪುಣ್ಯಕ್ಕೆ ಮೀನುಗಾರನೊಬ್ಬ ಅವನನ್ನು ಕಂಡ. ಎಳೆಯಲು ಹಗ್ಗ ಕಟ್ಟುತ್ತಾ ಪ್ಯಾನೆಲು ನೋಡಿ ಕೇಳಿದ: "ಇದನ್ನು ಬಿಚ್ಚುವ ಹಾಗೆ ಮಾಡ್ಲಿಕ್ಕೆ ಆಗ್ಲಿಲ್ವಾ ಮಾರಾಯ್ರೆ?"

"ಹಿಂದೆ ನಟ್ಟು ಹಿಡಿಲಿಕ್ಕೆ ಜನ ಇರ್ಲಿಲ್ಲ," ಎಂದ ಅವನು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ನಿಜಗುಣನಿಗೆ ತಡೆಯಲಾಗಲಿಲ್ಲ. "ಹಾಗಾದರೆ ಆ ತಮ್ಮ ಊರು ಬಿಟ್ಟು ಬಹಳ ದೂರ ಹೋಗಿದ್ದನೇ ಗುರುಗಳೇ?" ಎಂದು ಕೇಳಿದ.

"ಇಲ್ಲಪ್ಪ, ಪಕ್ಕದ ಮನೆಯಲ್ಲೇ ಇದ್ದ, ಮೆಲ್ಲಗೆ ಕರೆದಿದ್ದರೂ ಕೇಳಿಸುತ್ತಿತ್ತು."