ಚೆಂಡಿನ ಕೆಂಚವ್ವನೂ ಹಲಗೆಯ ನೆಲವೂ

ಬಹಳ ಹಿಂದೆ ನಮ್ಮ ಹಗರಿಹಾಳದಲ್ಲಿ ಕೆಂಚವ್ವ ಎಂಬ ಹೆಂಗಸೊಬ್ಬಳಿದ್ದಳು. ಎಷ್ಟು ಹಿಂದೆ ಎಂದು ಕೇಳಬೇಡಿ. ಒಬ್ಬರು ಅಜ್ಜನ ಕಾಲ ಎನ್ನುತ್ತಾರೆ, ಇನ್ನೊಬ್ಬರು ಅಜ್ಜನ ಅಜ್ಜನ ಕಾಲ ಎನ್ನುತ್ತಾರೆ. ಹಡಗು ಹತ್ತಿ ಬೇರೆ ದೇಶಕ್ಕೆ ಹೋಗುತ್ತಿದ್ದ ಕಾಲ ಅಂತ ಇಟ್ಟುಕೊಳ್ಳಿ, ಅಷ್ಟು ಸಾಕು. ನಮ್ಮದು ತಲೆಮಾರುಗಳಿಂದ ಬಂದ ಎಣ್ಣೆಯಂಗಡಿ. ಅವಳು ಹರಳೆಣ್ಣೆ ಒಯ್ಯುತ್ತಿದ್ದದ್ದು ನಮ್ಮಲ್ಲಿಂದಲೇ ಅಂತೆ. ಅದಕ್ಕೇ ಈ ಕಥೆಯಲ್ಲಿ ಎಣ್ಣೆ ಎಷ್ಟು, ಬೆರಕೆ ಎಷ್ಟು ಎಂದು ನೋಡುವ ಕುತೂಹಲ ನನಗೆ ಮೊದಲಿನಿಂದಲೂ ಇದೆ. ಕೇಳಿದ್ದನ್ನೆಲ್ಲ ಹೇಳುತ್ತೇನೆ. ನಂಬಲಾಗದ್ದು ಬಂದಾಗ ಅದನ್ನೂ ಹೇಳುತ್ತೇನೆ.

ಕೆಂಚವ್ವ ಸಮಗಾರರ ಓಣಿಯವಳು. ಗಂಡನಿಲ್ಲ, ಮಕ್ಕಳಿಲ್ಲ. ಚರ್ಮ ಕೊಯ್ಯುವ ರಂಪಿಗೆ ಒಂದು, ತೂತು ಹಾಕುವ ಉಳಿ ಒಂದು, ಸೂಜಿ ಎರಡು, ಇಷ್ಟೇ ಅವಳ ಸಂಸಾರ. ಚಪ್ಪಲಿ ಹೊಲಿಯುತ್ತಿದ್ದಳು. ಊರ ಹೊರಗೆ ಕೆಂಪು ಮಣ್ಣಿನ ಗಟ್ಟಿ ಬಯಲು ಇತ್ತು, ಈಗಲೂ ಇದೆ. ಅಲ್ಲಿ ಯಾರೋ ಮಾಸ್ತರರು ಎರಡು ಕಂಬ ನೆಟ್ಟು, ಬಂಡಿ ಗಾಲಿಯ ಕಬ್ಬಿಣದ ಬಳೆ ಬಡಿದು, ಬ್ಯಾಸ್ಕೆಟ್‌ಬಾಲ್ ಶುರು ಮಾಡಿದ್ದರು. ಊರವರು ಅದನ್ನು ಬುಟ್ಟಿ ಆಟ ಎಂದರು. ಒಂದು ದಿನ ಹರಿದ ಚೆಂಡನ್ನು ಕೆಂಚವ್ವನ ಮುಂದೆ ತಂದು ಹಾಕಿದರು. ಅವಳು ಹೊಲಿಗೆ ಬಿಚ್ಚಿ, ಎಂಟೂ ತುಂಡುಗಳನ್ನು ಚಾಪೆಯ ಮೇಲೆ ಹರಡಿ, ಇಡೀ ದಿನ ಸುಮ್ಮನೆ ನೋಡುತ್ತ ಕುಳಿತಳಂತೆ. ಮಾರನೇ ದಿನ ಹಳೆಯದನ್ನು ಹೊಲಿದು ಕೊಟ್ಟಳಂತೆ. ಅದರ ಪಕ್ಕದಲ್ಲಿ ಹೊಸದೊಂದನ್ನೂ ಇಟ್ಟಳಂತೆ.

ಅವಳು ಚರ್ಮವನ್ನು ಬೆರಳಿನಿಂದ ತಟ್ಟಿ ಇದು ಬೆನ್ನಿನದು, ಇದು ಹೊಟ್ಟೆಯದು ಎನ್ನುತ್ತಿದ್ದಳು ಎಂದು ಹೇಳುತ್ತಾರೆ. ಅದು ನಿಜವಿರಬಹುದು, ಚರ್ಮದ ಕೆಲಸದವರಿಗೆ ಗೊತ್ತಾಗುತ್ತದೆ. ಆ ಎತ್ತಿನ ಹೆಸರನ್ನೂ ಹೇಳುತ್ತಿದ್ದಳು ಎನ್ನುತ್ತಾರೆ. ಅದನ್ನು ಬಿಡಿ.

ಅವಳ ಚೆಂಡಿನ ಗುಟ್ಟು ಒಂದೇ. ಹೊಲಿದ ಮೇಲೆ ಹರಳೆಣ್ಣೆ ಹಚ್ಚಿ ಬಿಸಿಲಿಗಿಡುತ್ತಿದ್ದಳು. ಎಣ್ಣೆ ಕುಡಿದ ಚೆಂಡು ನಮ್ಮ ಬಯಲಿನಲ್ಲಿ ನಾಲ್ಕು ಸಲ ಪುಟಿದರೆ ಸಾಕು, ಕೆಂಪು ಧೂಳು ಮೆತ್ತಿಕೊಂಡು ಬೆಕ್ಕಿನ ನಾಲಿಗೆಯ ಹಾಗೆ ತರಿತರಿಯಾಗುತ್ತಿತ್ತು. ಹಿಡಿದರೆ ಕೈ ಬಿಡುತ್ತಿರಲಿಲ್ಲ.

ಹೀಗಿರುವಾಗ ಒಂದು ವರ್ಷ ದೇಶದ ಹೆಣ್ಣುಮಕ್ಕಳ ತಂಡಕ್ಕೆ ಮೂರು ಕಡೆಯಿಂದ ಕರೆ ಬಂತಂತೆ. ಮೊದಲು ದ್ವೀಪದ ದೇಶ, ಆಮೇಲೆ ಹಿಮದ ದೇಶ, ಕೊನೆಗೆ ಹತ್ತು ದೇಶಗಳು ಒಂದೆಡೆ ಸೇರುವ ದೊಡ್ಡ ಪಂದ್ಯಾವಳಿ. ಒಂದೇ ವರ್ಷದಲ್ಲಿ ಮೂರು ಸಲ ಕಡಲು ದಾಟುವುದು ಹಿಂದೆ ಯಾವತ್ತೂ ಆಗಿರಲಿಲ್ಲವಂತೆ. ನಮ್ಮ ಬಯಲು ಗಟ್ಟಿ ಎಂದು ತಂಡದ ತಾಲೀಮು ಹಗರಿಹಾಳದಲ್ಲೇ ನಡೆಯಿತು. ಹನ್ನೆರಡು ಹುಡುಗಿಯರು, ಹನ್ನೆರಡು ಸೀಮೆಯವರು. ಅವರ ನಾಯಕಿ ಧಾರವಾಡದ ಚಂದ್ರಭಾಗಿ. ನಿಂತಲ್ಲಿಂದಲೇ ಕೈಯೆತ್ತಿ ಬೇವಿನ ಕೊಂಬೆ ಮುರಿಯುತ್ತಿದ್ದಳಂತೆ. ಕೆಂಚವ್ವನ ಚೆಂಡು ಹಿಡಿದು ನೋಡಿದವಳು ಬೇರೆ ಚೆಂಡು ಮುಟ್ಟಲು ಒಪ್ಪಲಿಲ್ಲ. ಹೊರಡುವ ಹೊತ್ತಿಗೆ ಎಂಟು ಚೆಂಡು ಹೊಲಿಸಿಕೊಂಡಳು. ಆಮೇಲೆ ಹೊಲಿದವಳನ್ನೂ ಕರೆದಳು.

"ನೀನೂ ನಡಿ ಯವ್ವ. ಅಲ್ಲಿ ಚೆಂಡು ಹರದ್ರ ನಾ ಯಾರನ್ನ ಹುಡುಕಲಿ?"

"ನೀರಿನ ಮ್ಯಾಲೆ ನಾ ಎಂದೂ ಕುಂತಾಕಿ ಅಲ್ಲ ತಂಗಿ."

"ಕುಂದರೂದು ಹಡಗಿನ ಮ್ಯಾಲೆ. ನೀರು ಅದರ ಪಾಡಿಗೆ ಅದು ಇರತೈತಿ."

ತಂಡದ ಮ್ಯಾನೇಜರು ದೇಶಮಾನೆ ಸಾಹೇಬರಿಗೆ ಇದು ಹಿಡಿಸಲಿಲ್ಲ. ಚೆಂಡು ಹೊಲಿಯಾಕಿಗೆಲ್ಲ ಹಡಗಿನಲ್ಲಿ ಜಾಗ ಎಲ್ಲಿಂದ ತರುವುದು ಎಂದರಂತೆ. ಅವಳು ಹೊಲಿದ ಚೆಂಡು ಎಲ್ಲರ ಕೈಗೂ ಬೇಕಿತ್ತು, ಅವಳು ಮುಟ್ಟಿದ ತಂಬಿಗೆ ಮಾತ್ರ ಕೆಲವರಿಗೆ ಬೇಡವಾಗಿತ್ತು. ಅದು ಕಥೆಯಲ್ಲ, ಆಗಿನ ನಡೆ. ಆದರೆ ಚಂದ್ರಭಾಗಿ ಪಟ್ಟು ಬಿಡಲಿಲ್ಲ. ಕೆಂಚವ್ವ ಹೊರಟಳು.

ದ್ವೀಪದ ದೇಶದಲ್ಲಿ ಆಟದ ಬಯಲು ನಮ್ಮದರ ಹಾಗೇ ಮಣ್ಣಿನದು. ಮೂರು ಪಂದ್ಯ ಆಡಿದರು, ಮೂರೂ ಗೆದ್ದರು. ಆಗಿನ ಪದ್ಧತಿಯಂತೆ ಅರ್ಧ ಆಟ ಅವರ ಚೆಂಡಿನಲ್ಲಿ, ಅರ್ಧ ಆಟ ನಮ್ಮ ಚೆಂಡಿನಲ್ಲಿ ಎಂದು ಹೇಳುತ್ತಾರೆ. ನಮ್ಮ ಚೆಂಡು ಬಂದಾಗಲೆಲ್ಲ ನಮ್ಮವರಿಗೆ ರೆಕ್ಕೆ ಬರುತ್ತಿತ್ತಂತೆ. ದೇಶಮಾನೆಯವರೂ ಸ್ವಲ್ಪ ಮೆತ್ತಗಾದರು. ಎಲ್ಲರೂ ಹಾಗೇ ಹಿಮದ ದೇಶಕ್ಕೆ ಹೋದರು.

ಈಗ ಕೇಳಿ. ಹಿಮದ ದೇಶದಲ್ಲಿ ಬಯಲಿನಲ್ಲಿ ಆಡಲಾಗುವುದಿಲ್ಲ. ದೊಡ್ಡ ಮಾಳಿಗೆಯೊಳಗೆ ಆಟ. ನೆಲಕ್ಕೆ ಹಲಗೆ ಹಾಸಿ, ಎರಡು ಹೊತ್ತು ಗುಡಿಸಿ, ಮೇಣ ಹಾಕಿ ಉಜ್ಜಿ ಉಜ್ಜಿ ಮುಖ ಕಾಣುವಂತೆ ಮಾಡಿದ್ದರು. ಕೆಂಚವ್ವ ಅದನ್ನು ನೋಡಿದವಳೇ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಅವಳು ಬಿಟ್ಟದ್ದು ನೋಡಿ ಹಿಂದಿದ್ದ ಹನ್ನೆರಡು ಹುಡುಗಿಯರೂ ಬೂಟು ಬಿಚ್ಚಿದರು. ಇದು ಯಾವ ದೇವರ ಗುಡಿ ಎಂದು ಕೆಂಚವ್ವ ಮೆಲ್ಲಗೆ ಕೇಳಿದಳಂತೆ.

"ದೇವರಿಲ್ಲವ್ವ, ನಾವು ಆಡೂ ಜಾಗ ಇದು," ಎಂದಳು ಚಂದ್ರಭಾಗಿ.

"ಹಂಗಾರ ಇಷ್ಟ್ಯಾಕ ತಿಕ್ಕ್ಯಾರ?"

ಅಲ್ಲಿಯವರು ನಕ್ಕರು. ನಮ್ಮವರೂ ನಕ್ಕು ಬೂಟು ಹಾಕಿಕೊಂಡರು. ನಕ್ಕದ್ದಷ್ಟೇ, ಯಾರೂ ಮುಂದಕ್ಕೆ ಯೋಚಿಸಲಿಲ್ಲ.

ಆ ದೇಶದ ಚಳಿ ಒಣ ಚಳಿ. ಎರಡೇ ದಿನಕ್ಕೆ ಕೆಂಚವ್ವನ ಹಿಮ್ಮಡಿ ಬಿರಿಯಿತು. ಅವಳು ಹಿಮ್ಮಡಿಗೆ ಎಣ್ಣೆ ಹಚ್ಚಿಕೊಂಡಳು, ನನ್ನ ಚರ್ಮವೇ ಹೀಗೆ ಬಿರಿದರೆ ಚೆಂಡಿನ ಗತಿ ಏನು ಎಂದುಕೊಂಡಳು, ಎಂಟೂ ಚೆಂಡಿಗೆ ಎರಡೆರಡು ಕೈ ಎಣ್ಣೆ ಬಳಿದಳು. ಚರ್ಮ ಬಲ್ಲ ಯಾರೇ ಆದರೂ ಅದನ್ನೇ ಮಾಡುತ್ತಿದ್ದರು. ತಪ್ಪಾದದ್ದು ಅಲ್ಲೇ.

ಮೊದಲ ಅರ್ಧ ಅವರ ಚೆಂಡು. ನಮ್ಮವರು ಆರು ಅಂಕ ಹಿಂದಿದ್ದರು, ಅಷ್ಟೇ. ಎರಡನೇ ಅರ್ಧಕ್ಕೆ ನಮ್ಮ ಚೆಂಡು ಬಂತು. ಮೆತ್ತಿಕೊಳ್ಳಲು ಅಲ್ಲಿ ಧೂಳೆಲ್ಲಿದೆ? ಎಣ್ಣೆಯ ಚೆಂಡು ಕೈಯಿಂದ ಕೈಗೆ ಹೋಗುವ ಬದಲು ಹಿಡಿದ ಮೀನಿನ ಹಾಗೆ ಜಾರಿ ಓಡಿತು. ಚಂದ್ರಭಾಗಿ ಬುಟ್ಟಿಗೆ ಎಸೆದದ್ದು ನೋಡುವವರ ಮಡಿಲಿಗೆ ಬಿತ್ತು. ಪುಟಿದಲ್ಲೆಲ್ಲ ಹಲಗೆಯ ಮೇಲೆ ಎಣ್ಣೆಯ ಮಚ್ಚೆ. ಆ ಮಚ್ಚೆಯ ಮೇಲೆ ಕಾಲಿಟ್ಟು ಅವರ ನಾಯಕಿ ಜಾರಿ ಬಿದ್ದು ಮೊಣಕಾಲು ಉಳುಕಿಸಿಕೊಂಡಳು. ಅವರು ಚೆಂಡನ್ನು ಎದೆಗವಚಿಕೊಂಡು ಹೇಗೋ ಸಂಭಾಳಿಸಿದರು, ಅಂಟುವ ಚೆಂಡಿಗೆ ಪಳಗಿದ ನಮ್ಮವರು ನಲವತ್ತು ಅಂಕದಿಂದ ಸೋತರು. ನಲವತ್ತಲ್ಲ, ಎಪ್ಪತ್ತು ಎನ್ನುವವರೂ ಇದ್ದಾರೆ. ಸೋಲು ಕೂಡ ಹೇಳುತ್ತ ಹೇಳುತ್ತ ಬೆಳೆಯುತ್ತದೆ.

ಸೋತದ್ದು ಹೋಗಲಿ. ಅಲ್ಲಿಯ ಹಿರಿಯ ತೀರ್ಪುಗಾರ ಚೆಂಡನ್ನು ಮೂಸಿ ನೋಡಿ, ಇವರು ಬೇಕೆಂದೇ ಎಣ್ಣೆ ಹಚ್ಚಿದ್ದಾರೆ, ನಮ್ಮವರನ್ನು ಬೀಳಿಸಲು ಮಾಡಿದ ಮೋಸ ಇದು ಎಂದ. ನಾಳೆ ಮಧ್ಯಾಹ್ನ ಎಲ್ಲರೆದುರು ವಿಚಾರಣೆ. ಮೋಸ ಎಂದಾದರೆ ಹತ್ತು ದೇಶಗಳ ಪಂದ್ಯಾವಳಿಯಿಂದ ತಂಡದ ಹೆಸರು ಹೊಡೆದುಹಾಕುತ್ತೇವೆ ಎಂದ. ಒಂದು ವರ್ಷದ ದುಡಿಮೆಯೆಲ್ಲ ಒಂದು ಮಧ್ಯಾಹ್ನದ ಮೇಲೆ ಬಂದು ನಿಂತಿತು.

ದೇಶಮಾನೆ ಸಾಹೇಬರು ವ್ಯವಹಾರಸ್ಥರು. ಬೆಳಿಗ್ಗೆಯೇ ಕೆಂಚವ್ವನನ್ನು ಕರೆಸಿ ದಾರಿ ಹೇಳಿಕೊಟ್ಟರು. ತಲೆ ತಗ್ಗಿಸಿ ನಿಲ್ಲು, ನಾನು ಏನೂ ಗೊತ್ತಿಲ್ಲದ ಹೆಂಗಸು, ತಿಳಿಯದೆ ಹಚ್ಚಿದೆ ಎಂದು ಹೇಳು. ನಿನ್ನನ್ನು ಮುಂದಿನ ಹಡಗಿಗೆ ಊರಿಗೆ ಕಳಿಸುತ್ತೇವೆ, ತಂಡ ಉಳಿಯುತ್ತದೆ. ಲೆಕ್ಕಕ್ಕೆ ನೋಡಿದರೆ ಕೆಟ್ಟ ಉಪಾಯವಲ್ಲ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಬಹುಶಃ ಅದನ್ನೇ ಹೇಳುತ್ತಿದ್ದೆ.

ಕೆಂಚವ್ವ ಒಪ್ಪಲಿಲ್ಲ. ಅವಳು ಹೇಳಿದ್ದನ್ನು ಮಾತ್ರ ಊರಿನಲ್ಲಿ ಎಲ್ಲರೂ ಒಂದೇ ತರಹ ಹೇಳುತ್ತಾರೆ, ಒಂದು ಅಕ್ಷರ ಆಚೀಚೆ ಇಲ್ಲ.

"ಹಚ್ಚಿದಾಕಿ ನಾನ ರೀ ಸಾಹೇಬ್ರ. ಊರಿಗೂ ಹೊಕ್ಕೀನಿ. ಆದ್ರ ಗೊತ್ತಿಲ್ಲದಾಕಿ ಅಂತ ಹೆಂಗ ಅನ್ನಲಿ? ಈ ಎಂಟೂ ಚೆಂಡು ಗೊತ್ತಿಲ್ಲದಾಕಿ ಹೊಲದದ್ದು ಅಂದಂಗ ಆತಲ್ರಿ. ಚರ್ಮ ನನಗ ಗೊತ್ತೈತಿ. ನೆಲ ಗೊತ್ತಿರಲಿಲ್ಲ."

ದೇಶಮಾನೆ ಚಂದ್ರಭಾಗಿಯ ಮುಖ ನೋಡಿದರು. ಚಂದ್ರಭಾಗಿ, ಅವಳು ಹೇಳಿದ್ದನ್ನೇ ನಾನು ಇಲ್ಲಿಯವರ ಭಾಷೆಯಲ್ಲಿ ಹೇಳುತ್ತೇನೆ ಎಂದಳು.

ಮಧ್ಯಾಹ್ನ ಎರಡೂ ತಂಡದವರು, ತೀರ್ಪುಗಾರ, ಅಲ್ಲಿಯ ದೊಡ್ಡವರು, ನೆಲ ಉಜ್ಜುವ ಮುದುಕ, ಎಲ್ಲರೂ ಮಾಳಿಗೆಯಲ್ಲಿ ಸೇರಿದರು. ಕೆಂಚವ್ವ ಎಣ್ಣೆಯ ಚೆಂಡು ಹಿಡಿದು ನಡುವೆ ನಿಂತಳು. ಜಾರಲೆಂದು ಅಲ್ಲ, ಹಿಡಿತ ಬರಲೆಂದು ಹಚ್ಚಿದ್ದು ಎಂದಳು. ಎಣ್ಣೆಯಿಂದ ಹಿಡಿತ ಬರುತ್ತದೆಯೇ ಎಂದು ತೀರ್ಪುಗಾರ ನಕ್ಕ. ಒಂದು ಬೊಗಸೆ ಧೂಳು ಕೊಡಿಸಿ, ತೋರಿಸುತ್ತೇನೆ ಎಂದಳು.

ಆಗ ಶುರುವಾಯಿತು ನೋಡಿ ಧೂಳಿನ ಹುಡುಕಾಟ. ಹೊರಗೆ ನೋಡಿದರೆ ಮಂಡಿಯುದ್ದ ಹಿಮ. ಒಳಗೆ ನೋಡಿದರೆ ಕನ್ನಡಿಯಂಥ ನೆಲ. ದೊಡ್ಡ ದೊಡ್ಡ ಕೋಟು ಹಾಕಿದವರು ಬೆಂಚಿನ ಕೆಳಗೆ ಬಗ್ಗಿದರು, ಕಿಟಕಿಯ ಮೂಲೆ ಕೆರೆದರು, ಕಿಸೆ ಕೊಡವಿದರು. ಇಡೀ ದೇಶದಲ್ಲಿ ಒಂದು ಬೊಗಸೆ ಧೂಳು ಹುಟ್ಟಲಿಲ್ಲವಂತೆ. ಕೆಲವರು ಹೇಳುತ್ತಾರೆ, ಅವಳು ಊರ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದಳು, ಅದನ್ನೇ ಬಿಚ್ಚಿದಳು ಎಂದು. ನನಗೆ ನಂಬಿಕೆಯಿಲ್ಲ. ಅವಳ ಸೆರಗಿನಲ್ಲಿ ಎಲೆ ಅಡಿಕೆ ಇದ್ದಿರಬೇಕು. ಇನ್ನು ಕೆಲವರು ಒಲೆಯ ಬೂದಿ ಎನ್ನುತ್ತಾರೆ. ನನಗೆ ಸರಿ ಕಾಣುವುದು ಮೂರನೆಯದು. ನೆಲ ಉಜ್ಜುವ ಮುದುಕ ಸುಮ್ಮನೆ ಏಣಿ ತಂದು ಅಟ್ಟ ಹತ್ತಿದ. ತೊಲೆಗಳ ಮೇಲೆ ವರ್ಷಗಟ್ಟಲೆ ಕೂತಿದ್ದ ಧೂಳನ್ನು ಟೋಪಿಯಲ್ಲಿ ಬಳಿದು ತಂದ. ತನ್ನ ಮಾಳಿಗೆಯಲ್ಲಿ ಇಷ್ಟು ಧೂಳು ಸಿಕ್ಕಿತಲ್ಲ ಎಂದು ಅವನ ಕಿವಿ ಕೆಂಪಾಗಿತ್ತಂತೆ.

ಕೆಂಚವ್ವ ನೆಲದ ಮೇಲೆ ಬಟ್ಟೆ ಹಾಸಿ ಧೂಳು ಸುರಿದಳು. ಚೆಂಡನ್ನು ಹೊರಳಿಸಿದಳು, ತಟ್ಟಿದಳು, ಮತ್ತೆ ಹೊರಳಿಸಿದಳು. ರೊಟ್ಟಿ ತಟ್ಟುವ ಹಾಗೆ ತಟ್ಟಿದಳು. ಆಮೇಲೆ ಅದನ್ನು ಒಯ್ದು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅವರ ನಾಯಕಿಯ ಕೈಗೇ ಕೊಟ್ಟಳು. ಅಂಗೈ ಕೆಳಗೆ ಮಾಡು ಎಂದು ಸನ್ನೆ ಮಾಡಿದಳು. ಆ ಹುಡುಗಿ ಒಂದೇ ಕೈಯಲ್ಲಿ ಚೆಂಡು ಹಿಡಿದು ಅಂಗೈಯನ್ನು ನೆಲದ ಕಡೆ ತಿರುಗಿಸಿದಳು. ಚೆಂಡು ಬೀಳಲಿಲ್ಲ. ಅರ್ಧ ಗಳಿಗೆ ಬೀಳಲಿಲ್ಲ ಎನ್ನುತ್ತಾರೆ. ಇಪ್ಪತ್ತು ಎಣಿಸುವಷ್ಟು ಹೊತ್ತು ಅಂತ ನಾನು ಅಂದುಕೊಳ್ಳುತ್ತೇನೆ, ಒಂದು ಕೈಗೆ ಅದೂ ಬಹಳ. ಅವಳು ತೀರ್ಪುಗಾರನ ಕಡೆ ತಿರುಗಿ ಇದು ಮೋಸದ ಚೆಂಡಲ್ಲ ಎಂದಳಂತೆ. ಬಿದ್ದವಳೇ ಹಾಗೆಂದ ಮೇಲೆ ಅವನು ಇನ್ನೇನು ಹೇಳುತ್ತಾನೆ? ತಂಡದ ಹೆಸರು ಉಳಿಯಿತು.

ಎಲ್ಲರೂ ಏಳುವ ಹೊತ್ತಿಗೆ ಕೆಂಚವ್ವ ಒಂದು ಮಾತು ಕೇಳಿದಳು. ತಪ್ಪು ನನ್ನದೇ, ಒಪ್ಪಿದೆ. ಆದರೆ ನಾವು ಬರಿಗಾಲಲ್ಲಿ ಒಳಗೆ ಬಂದದ್ದನ್ನು ನೀವೆಲ್ಲ ನೋಡಿದಿರಿ. ಇಂಥ ನೆಲ ಇವರು ಕಂಡವರಲ್ಲ ಎಂದು ಆಗಲೇ ತಿಳಿಯಿತಲ್ಲವೇ? ನಮ್ಮ ಊರಲ್ಲಿ ಬಾಗಿಲು ಗಿಡ್ಡ. ಹಗೆಯವನೇ ಬಂದರೂ ಬಗ್ಗಿ ಬಾರಪ್ಪ, ತಲೆಗೆ ಬಡಿದೀತು ಎಂದು ಮೊದಲು ಹೇಳುತ್ತೇವೆ. ಜಗಳ ಆಮೇಲೆ. ನೀವು ಯಾಕೆ ಹೇಳಲಿಲ್ಲ?

ಚಂದ್ರಭಾಗಿ ಅದನ್ನೂ ಅವರ ಭಾಷೆಗೆ ತಿರುಗಿಸಿದಳು. ನೆಲ ಉಜ್ಜುವ ಮುದುಕ ಮಾತ್ರ ಉತ್ತರ ಕೊಟ್ಟ. ಯಾರೂ ಕೇಳಲಿಲ್ಲ, ಅದಕ್ಕೆ ಹೇಳಲಿಲ್ಲ ಎಂದ.

"ಹಂಗಾರ ಇನ್ನ ಮ್ಯಾಲೆ ಕೇಳತೀನಿ," ಎಂದಳು ಕೆಂಚವ್ವ.

ದೇಶಮಾನೆ ಅವಳಿಗೆ ತಪ್ಪಾಯಿತು ಎಂದು ಹೇಳಿದರೆಂದು ಯಾರೂ ಹೇಳುವುದಿಲ್ಲ. ಅವಳನ್ನು ಊರಿಗೆ ಕಳಿಸುವ ಮಾತನ್ನು ಮತ್ತೆ ಎತ್ತಲಿಲ್ಲ, ಅಷ್ಟೇ. ಹತ್ತು ದೇಶಗಳ ಪಂದ್ಯಾವಳಿಗೆ ಹೋದಾಗ ಮೊದಲ ದಿನ ಕೆಂಚವ್ವ ಅಂಗಳಕ್ಕೆ ಬರಿಗಾಲಲ್ಲಿ ಇಳಿದಳು. ಮೂಲೆಯಿಂದ ಮೂಲೆಗೆ ನಡೆದಳು. ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಅಂಗೈ ಇಟ್ಟಳು. ಅಲ್ಲಿ ಗುಡಿಸುವವನನ್ನು ಹುಡುಕಿ ಕರೆತಂದು, ಚಂದ್ರಭಾಗಿಯ ಬಾಯಿಂದ ಒಂದೊಂದೇ ಕೇಳಿಸಿದಳು. ಎಲ್ಲಿ ಜಾರುತ್ತದೆ, ಎಲ್ಲಿ ಹಲಗೆ ಟೊಳ್ಳು, ಯಾವ ಬದಿಯ ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಅವಳು ಎದ್ದು ಬಂದಾಗ ದೇಶಮಾನೆ ಸಾಹೇಬರು ತಾವೇ ಮುಂದೆ ಹೋಗಿ ಕೇಳಿದರಂತೆ, "ಕೆಂಚವ್ವ, ನೆಲ ಹೆಂಗೈತಿ?" ಅವರು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲಂತೆ.

ಅಲ್ಲಿ ನಮ್ಮವರು ಎಲ್ಲರನ್ನೂ ಸೋಲಿಸಿ ಬಂದರು ಎಂದು ಊರಲ್ಲಿ ಹೇಳುತ್ತಾರೆ. ನಾನು ವಿಚಾರಿಸಿದಷ್ಟಕ್ಕೆ ಆರನೆಯವರಾಗಿ ಬಂದರು. ಹತ್ತರಲ್ಲಿ ಆರು ಎಂದರೆ ನಾಲ್ಕು ದೇಶ ನಮಗಿಂತ ಕೆಳಗಿದ್ದವು, ಅವುಗಳಲ್ಲಿ ಹಿಮದ ದೇಶವೂ ಒಂದು. ನನಗೆ ಅಷ್ಟು ಸಾಕು. ಊರವರಿಗೆ ಸಾಲದು.

ಕೆಂಚವ್ವ ತಿರುಗಿ ಬಂದ ಮೇಲೆ ಏನೇನು ನೋಡಿದೆ ಎಂದು ಜನ ಮುತ್ತಿದರೆ, ಅರಮನೆಯ ಸುದ್ದಿಯಿಲ್ಲ, ಸಮುದ್ರದ ಸುದ್ದಿಯಿಲ್ಲ, ಬರೀ ನೆಲದ ಸುದ್ದಿ ಹೇಳಿದಳಂತೆ. ಒಂದು ನೆಲ ಸೆಗಣಿ ಸಾರಿಸಿದಷ್ಟು ತಣ್ಣಗಿತ್ತು, ಒಂದು ಕಂಚಿನ ತಾಟಿನ ಹಾಗೆ ಸದ್ದು ಮಾಡುತ್ತಿತ್ತು, ಹೀಗೆ. ಆಮೇಲೆ ಯಾರಾದರೂ ಚೆಂಡು ಹೊಲಿಸಲು ಬಂದರೆ ಎಲ್ಲಿ ಆಡುತ್ತೀರಿ ಎಂದು ಮೊದಲು ಕೇಳುತ್ತಿದ್ದಳು. ಹೇಳಿದ ಮೇಲೇ ಎಣ್ಣೆ ಹಚ್ಚುವುದೋ ಬಿಡುವುದೋ ತೀರ್ಮಾನ. ನಮ್ಮಂಗಡಿಯಿಂದ ಒಯ್ಯುವ ಹರಳೆಣ್ಣೆ ಅರ್ಧಕ್ಕರ್ಧ ಇಳಿಯಿತಂತೆ. ಈ ಕಥೆ ಹೇಳುವಾಗ ನಮ್ಮಜ್ಜನ ಮುಖ ಸ್ವಲ್ಪ ಹುಳ್ಳಗಾಗುತ್ತಿದ್ದದ್ದು ಅದಕ್ಕೇ ಇರಬೇಕು.

ಅವಳು ಹೋಗಿ ಎಷ್ಟು ಕಾಲವಾಯಿತೋ. ಈಗಲೂ ಹಗರಿಹಾಳಕ್ಕೆ ಪರ ಊರಿನ ತಂಡ ಬಂದರೆ ಆಟಕ್ಕೆ ಮೊದಲು ಅವರ ನಾಯಕರು ಬರಿಗಾಲಲ್ಲಿ ಅಂಗಳಕ್ಕಿಳಿದು, ನೆಲಕ್ಕೆ ಅಂಗೈ ಇಟ್ಟು, ನೆಲ ಹೆಂಗೈತಿ ಎಂದು ಕೇಳಬೇಕು. ನಮ್ಮ ನಾಯಕರು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಕೇಳುವುದು ಗೊತ್ತಿಲ್ಲದವರು ಬಂದರೆ ಕೇಳದಿದ್ದರೂ ಹೇಳಬೇಕು. ಹೋದ ವರ್ಷ ಹೊಳೆಯಾಚೆಯ ಹುಡುಗಿಯರು ಬಂದಿದ್ದರು. ಪಡುವಣ ಕಂಬದ ಎಡಕ್ಕೆ ಮಳೆನೀರು ನಿಂತು ಒಂದು ತಗ್ಗು ಬಿದ್ದಿದೆ, ಅಲ್ಲಿ ಚೆಂಡು ಪುಟಿಯುವುದಿಲ್ಲ ಎಂದು ನಮ್ಮ ಹುಡುಗಿ ಹೇಳಿದಳು. ಅವರು ಆಟ ಪೂರ್ತಿ ನಮ್ಮವರನ್ನು ಆ ತಗ್ಗಿನ ಕಡೆಗೇ ಒತ್ತಿ ಒತ್ತಿ ಹನ್ನೊಂದು ಅಂಕದಿಂದ ಗೆದ್ದು ಹೋದರು. ಯಾಕೆ ಹೇಳಿದೆ ಎಂದು ಆ ಹುಡುಗಿಯನ್ನು ಯಾರೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಮಣ್ಣು ತಂದು ಸುರಿದು, ನೀರು ಚಿಮುಕಿಸಿ, ಎಲ್ಲರೂ ಸೇರಿ ತಗ್ಗು ತುಳಿದು ಗಟ್ಟಿ ಮಾಡಿದರು.